14 ವರ್ಷದೊಳಗಿನವರ ಫುಟ್‌ಬಾಲ್ ಸೆಮಿಫೈನಲ್: ಕಂಬಕ್ಕೆ ಬಡಿದು ಬಂದ ಪೆನಾಲ್ಟಿಯನ್ನ ಮತ್ತೆ ಹೊಡೆದ್ರೆ ಗೋಲಾ?

ಎಡಬದಿ ಬೆಂಚು

ಸೆಮಿಫೈನಲ್‌ನಲ್ಲಿ ನಮ್ಮ ಹುಡುಗರು 2–1ರಿಂದ ಸೋತರು. ಬೇಜಾರಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಇಲ್ಲಿ ಬರೆಯುತ್ತಿರೋದು ರೆಫರಿ ಕೊಟ್ಟ ನಾಲ್ಕು ತೀರ್ಮಾನಗಳ ಬಗ್ಗೆ. ನಾವು ನೀಲಿ, ಅವರು ಕೆಂಪು. ಮಕ್ಕಳ ಪಂದ್ಯ, ತಂಡದ ಹೆಸರು ಬೇಡ.

ಮೊದಲನೆಯದು ಅವರ ಮೊದಲ ಗೋಲು. ಮಧ್ಯದ ಗೆರೆಯ ಹತ್ತಿರದಿಂದ ಅವರ ಹುಡುಗ ಉದ್ದಕ್ಕೆ ಎತ್ತಿ ಹೊಡೆದ. ಅವರ 9ನೇ ನಂಬರ್ ನಮ್ಮ ಕೊನೇ ಡಿಫೆಂಡರ್‌ಗಿಂತ ಎರಡು ಹೆಜ್ಜೆ ಮುಂದಿದ್ದ, ಅಂದರೆ ಆಫ್‌ಸೈಡ್ ಜಾಗದಲ್ಲಿ. ಇದರಲ್ಲಿ ಯಾರಿಗೂ ಅನುಮಾನ ಇಲ್ಲ. ನಮ್ಮ ಡಿಫೆಂಡರ್ ಹಿಂದಕ್ಕೆ ಓಡುತ್ತಾ ಹಾರಿದ, ಬಾಲ್ ತಲೆಗೂದಲು ಸವರಿಕೊಂಡು ಹೋಗಿ ಆ 9ನೇ ನಂಬರ್‌ಗೆ ಸಿಕ್ಕಿತು. ಗೋಲ್. ನಾವು ಕೂಗಿದ್ದಕ್ಕೆ ರೆಫರಿ, 'ಡಿಫೆಂಡರ್ ಬಾಲ್ ಆಡಿದ, ಆಫ್‌ಸೈಡ್ ಇಲ್ಲ' ಅಂದರು.

ಎರಡನೆಯದು ಹ್ಯಾಂಡ್‌ಬಾಲ್. ನಮ್ಮ ಕ್ರಾಸ್ ಅವರ ಡಿಫೆಂಡರ್ ತೊಡೆಗೆ ಬಡಿದು ಕೈಗೆ ತಾಗಿತು. ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸ್ ಒಳಗೆ. ಸೀಟಿ ಇಲ್ಲ.

ಮೂರನೆಯದೇ ಮುಖ್ಯ. 1–1 ಇತ್ತು. ಕೊನೇ ಹತ್ತು ನಿಮಿಷ. ಅವರಿಗೆ ಪೆನಾಲ್ಟಿ ಸಿಕ್ಕಿತು. ಅದು ಪೆನಾಲ್ಟಿಯೇ, ತಕರಾರಿಲ್ಲ. ಅವರ ಹುಡುಗ ಹೊಡೆದ ಬಾಲ್ ಎಡಗಡೆ ಕಂಬಕ್ಕೆ ಬಡಿದು ಸೀದಾ ಅವನ ಕಾಲಿಗೇ ವಾಪಸ್ ಬಂತು. ಅವನೇ ಮತ್ತೆ ಒಳಗೆ ತಳ್ಳಿದ. ರೆಫರಿ ಗೋಲ್ ಕೊಟ್ಟರು. ನಮ್ಮ ಕ್ಯಾಪ್ಟನ್ ಹೋಗಿ ಕೇಳಿದ. ಉತ್ತರ: 'ರೀಬೌಂಡ್ ಯಾರು ಬೇಕಾದ್ರೂ ಹೊಡೀಬಹುದು.' ಈ ಮಾತು ನನ್ನ ಕಿವಿಗೇ ಬಿದ್ದಿದೆ, ಬೆಂಚು ಅಷ್ಟು ಹತ್ತಿರ ಇತ್ತು.

ನಾಲ್ಕನೆಯದು, ಕೊನೆಗೆ ನಮಗೆ ಕಾರ್ನರ್ ಸಿಕ್ಕಿತು, ಬಾಲ್ ಇಡುವಷ್ಟರಲ್ಲಿ ಪಂದ್ಯ ಮುಗೀತು ಅಂತ ಸೀಟಿ ಊದಿದರು.

ನಾಳೆ ರಾತ್ರಿಯೊಳಗೆ ಲಿಖಿತ ದೂರು ಕೊಡಬಹುದು ಅಂತ ಟೂರ್ನಿಯವರು ಹೇಳಿದ್ದಾರೆ. ಇದರಲ್ಲಿ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲಲ್ಲ? ಗೊತ್ತಿರೋರು ಹೇಳಿ.

ನಂಬರ್ ಸಿಕ್ಸ್

ನಾಲ್ಕೂ ನಿಲ್ಲಲ್ಲ. ಸೋತ ಮೇಲೆ ದೂರು ಕೊಟ್ಟರೆ ಯಾರು ಕೇಳ್ತಾರೆ ಗುರು? ಮೈದಾನದಲ್ಲಿ ಇನ್ನೊಂದು ಗೋಲ್ ಹೊಡೆದಿದ್ರೆ ಈ ಚರ್ಚೆಯೇ ಇರ್ತಿರಲಿಲ್ಲ.

ಹಳೇ ಸೀಟಿ

ಮೂರು ನಿಲ್ಲಲ್ಲ, ಒಂದು ನಿಲ್ಲಬಹುದು. ಸ್ವಲ್ಪ ಬಿಡಿಸಿ ಹೇಳ್ತೀನಿ. ನಾನು ತುಂಬಾ ವರ್ಷ ಮಕ್ಕಳ ಪಂದ್ಯಗಳಿಗೇ ಸೀಟಿ ಊದಿದವನು.

ಕಾರ್ನರ್ ವಿಷಯ ಮೊದಲು ಮುಗಿಸಿಬಿಡೋಣ. ಟೈಮ್ ಮುಗಿದಿದ್ದರೂ ಹೊಡೆಸಲೇಬೇಕಾದದ್ದು ಪೆನಾಲ್ಟಿ ಒಂದೇ. ಕಾರ್ನರ್‌ಗೆ, ಫ್ರೀ ಕಿಕ್‌ಗೆ ಕಾಯಬೇಕು ಅಂತ ಎಲ್ಲೂ ಇಲ್ಲ. ಕಾದರೆ ಒಳ್ಳೆಯದು, ಗಲಾಟೆ ಕಮ್ಮಿ. ಕಾಯದಿದ್ದರೆ ತಪ್ಪಲ್ಲ.

ಹ್ಯಾಂಡ್‌ಬಾಲ್. ಕೈಗೆ ಬಾಲ್ ತಾಗಿದ್ದೆಲ್ಲಾ ಹ್ಯಾಂಡ್‌ಬಾಲ್ ಅಲ್ಲ. ಬೇಕಂತ ಕೈ ಕೊಟ್ಟನಾ, ಅಥವಾ ಕೈಯನ್ನ ಅಸಹಜವಾಗಿ ಚಾಚಿ ಮೈ ದೊಡ್ಡದು ಮಾಡಿಕೊಂಡನಾ ಅನ್ನೋದು ಪ್ರಶ್ನೆ. ಆ ಹೊತ್ತಿಗೆ ಅವನು ಓಡ್ತಿದ್ದ ರೀತಿಗೆ ಕೈ ಅಲ್ಲಿರೋದು ಸಹಜವಾಗಿದ್ದರೆ ಬಿಡಬೇಕು. ತೊಡೆಗೆ ಬಡಿದು ಬಂದ ಬಾಲ್ ಅಂತ ನೀವೇ ಹೇಳ್ತೀರಿ. ನಾನೂ ಬಿಡ್ತಿದ್ದೆ ಅನ್ಸುತ್ತೆ. ಕೊಟ್ಟಿದ್ದರೂ, ಬಿಟ್ಟಿದ್ದರೂ ಅದು ರೆಫರಿ ಕಣ್ಣಿಗೆ ಬಿಟ್ಟ ವಿಷಯ. ದೂರಿಗೆ ಬರಲ್ಲ.

ಆಫ್‌ಸೈಡ್ ಬಗ್ಗೆ ಜಾಸ್ತಿ ಮಾತಿದೆ, ಆಮೇಲೆ ಬರ್ತೀನಿ.

ಪೆನಾಲ್ಟಿ. ಹೊಡೆದವನು, ಬಾಲ್ ಇನ್ನೊಬ್ಬ ಆಟಗಾರನಿಗೆ ತಾಗುವ ತನಕ ಮತ್ತೆ ಮುಟ್ಟೋ ಹಾಗಿಲ್ಲ. ಕಂಬ ಆಟಗಾರ ಅಲ್ಲ. ಬರೀ ಕಂಬಕ್ಕೆ ಬಡಿದು ಬಂದದ್ದನ್ನ ಅವನೇ ಹೊಡೆದರೆ ಗೋಲ್ ಇಲ್ಲ, ನಿಮಗೆ ಇನ್‌ಡೈರೆಕ್ಟ್ ಫ್ರೀ ಕಿಕ್ (ಅದರಿಂದ ನೇರವಾಗಿ ಗೋಲ್ ಹೊಡೆಯೋ ಹಾಗಿಲ್ಲ). ಬೇರೆ ಯಾವ ಹುಡುಗ ಓಡಿಬಂದು ಹೊಡೆದಿದ್ದರೂ ಗೋಲೇ. ಕೀಪರ್ ತಡೆದು ಬಿಟ್ಟ ಬಾಲ್ ಆಗಿದ್ದರೆ ಹೊಡೆದವನೇ ಹೊಡೆದರೂ ಗೋಲೇ.

ಹಾಗಾಗಿ ನಾನು ಕೇಳೋದು ಒಂದೇ ಪ್ರಶ್ನೆ. ನಿಮ್ಮ ಗೋಲಿ, ಅಂದರೆ ಕೀಪರ್, ಕೈಗೆ ಬಾಲ್ ತಾಗಿತ್ತಾ?

ಎಡಬದಿ ಬೆಂಚು

ಇಲ್ಲ ಸರ್. ಅವನು ಸರಿಯಾದ ಕಡೆಗೇ ಹಾರಿದ, ಆದರೆ ಬಾಲ್ ನೇರವಾಗಿ ಕಂಬಕ್ಕೇ ಹೋಯಿತು. ನಾವೆಲ್ಲ ನೋಡಿದ್ದು ಹಾಗೆ. ತಾಗಿತ್ತು ಅಂತ ರೆಫರಿಯೂ ಹೇಳಲಿಲ್ಲ. 'ಯಾರು ಬೇಕಾದ್ರೂ ಹೊಡೀಬಹುದು' ಅಂತ ಮಾತ್ರ ಅಂದರು.

ಹಳೇ ಸೀಟಿ

ಹಾಗಿದ್ರೆ ಆ ಮಾತೇ ನಿಮ್ಮ ದೂರು. 'ಗೋಲಿ ಕೈಗೆ ತಾಗಿದ್ದನ್ನ ನಾನು ನೋಡಿದೆ' ಅಂತ ರೆಫರಿ ಅಂದಿದ್ದರೆ ಅಲ್ಲಿಗೆ ಮುಗೀತಿತ್ತು. ಏನು ನಡೀತು ಅನ್ನೋದರ ಬಗ್ಗೆ ರೆಫರಿ ಹೇಳಿದ್ದೇ ಅಂತಿಮ, ಗೋಲ್ ಹೌದೋ ಅಲ್ಲವೋ ಅನ್ನೋದೂ ಅದರಲ್ಲೇ ಸೇರಿದೆ. ಆದರೆ ನಿಯಮವನ್ನೇ ತಪ್ಪಾಗಿ ಹೇಳಿದ್ದರೆ ಬೇರೆ ಮಾತು. ಕಣ್ಣಿನ ತಪ್ಪಿಗೆ ದೂರಿಲ್ಲ, ನಿಯಮದ ತಪ್ಪಿಗೆ ಕೆಲವು ಟೂರ್ನಿಗಳಲ್ಲಿ ದೂರು ಕೇಳ್ತಾರೆ.

ದೊಡ್ಡ ಮಟ್ಟದಲ್ಲೂ ಆಗಿದೆ. 2015ರ ಏಪ್ರಿಲ್‌ನಲ್ಲಿ 19 ವರ್ಷದೊಳಗಿನ ಹುಡುಗಿಯರ ಯುರೋಪಿಯನ್ ಅರ್ಹತಾ ಪಂದ್ಯ, ಇಂಗ್ಲೆಂಡ್ ಮತ್ತು ನಾರ್ವೆ. ನಾರ್ವೆ 2–1ರಿಂದ ಮುಂದಿತ್ತು. ಕೊನೇ ಗಳಿಗೆಯಲ್ಲಿ ಇಂಗ್ಲೆಂಡ್‌ಗೆ ಪೆನಾಲ್ಟಿ. ಬಾಲ್ ಒಳಗೆ ಹೋಯಿತು. ಆದರೆ ಹೊಡೆಯುವ ಮೊದಲೇ ಇಂಗ್ಲೆಂಡಿನ ಹುಡುಗಿ ಒಬ್ಬಳು ಬಾಕ್ಸ್ ಒಳಗೆ ನುಗ್ಗಿದ್ದಳು. ಆಗ ಪೆನಾಲ್ಟಿಯನ್ನ ಮತ್ತೆ ಹೊಡೆಸಬೇಕು. ರೆಫರಿ ನಾರ್ವೆಗೆ ಇನ್‌ಡೈರೆಕ್ಟ್ ಫ್ರೀ ಕಿಕ್ ಕೊಟ್ಟರು. ಇದು ನಿಯಮದ ತಪ್ಪು. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಯೆಫಾ ಏನು ಮಾಡಿತು ಗೊತ್ತಾ? ಐದು ದಿನ ಆದ ಮೇಲೆ ಎರಡೂ ತಂಡಗಳನ್ನ ಮೈದಾನಕ್ಕೆ ಕರೆಸಿ, ಆ ಪೆನಾಲ್ಟಿಯಿಂದ ಶುರು ಮಾಡಿ ಉಳಿದಿದ್ದ 18 ಸೆಕೆಂಡ್ ಆಡಿಸಿತು. ಇಂಗ್ಲೆಂಡ್ ಗೋಲ್ ಹೊಡೆದು 2–2 ಆಯಿತು.

ಸುಮ್ನೆ ನೋಡ್ತೀನಿ

18 ಸೆಕೆಂಡ್‌ಗೆ ಬೂಟು, ಶಿನ್ ಗಾರ್ಡ್ ಎಲ್ಲಾ ಹಾಕ್ಕೊಂಡು ವಾರ್ಮ್‌ಅಪ್ ಬೇರೆ ಮಾಡಿರ್ತಾರೆ ಪಾಪ.

ನಂಬರ್ ಸಿಕ್ಸ್

ಇದರ ಇನ್ನೊಂದು ಮುಖವೂ ಇದೆ. 2005ರಲ್ಲಿ ವಿಶ್ವಕಪ್ ಅರ್ಹತಾ ಪಂದ್ಯ, ಉಜ್ಬೇಕಿಸ್ತಾನ್ ಮತ್ತು ಬಹ್ರೇನ್. ಅಲ್ಲೂ ಇದೇ ಕಥೆ. ಪೆನಾಲ್ಟಿ ಒಳಗೆ ಹೋಯಿತು, ಜೊತೆ ಆಟಗಾರ ಬಾಕ್ಸ್‌ಗೆ ನುಗ್ಗಿದ್ದ, ಮತ್ತೆ ಹೊಡೆಸೋ ಬದಲು ರೆಫರಿ ಬಹ್ರೇನ್‌ಗೆ ಫ್ರೀ ಕಿಕ್ ಕೊಟ್ಟರು. ಆದರೂ ಉಜ್ಬೇಕಿಸ್ತಾನ್ 1–0 ಗೆದ್ದಿತ್ತು. ಗೆದ್ದವರೇ ದೂರು ಕೊಟ್ಟರು, 3–0 ಅಂತ ಬರೆದುಕೊಡಿ ಅಂದರು. ಫಿಫಾ ಆ ಗೆಲುವನ್ನೇ ರದ್ದು ಮಾಡಿ ಪಂದ್ಯವನ್ನ ಮೊದಲಿಂದ ಆಡಿಸಿತು. ಉಜ್ಬೇಕಿಸ್ತಾನದಲ್ಲಿ ನಡೆದ ಅದು 1–1 ಆಯಿತು, ಬಹ್ರೇನ್‌ನಲ್ಲಿ ನಡೆದದ್ದು 0–0. ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಬಹ್ರೇನ್ ಮುಂದೆ ಹೋಯಿತು. ದೂರು ಕೊಟ್ಟವರು ಮನೆಗೆ.

ಎಡಬದಿ ಬೆಂಚು

ನಾವು ಈಗಾಗಲೇ ಮನೆಯಲ್ಲೇ ಇದ್ದೀವಿ, ಕಳೆದುಕೊಳ್ಳೋಕೆ ಏನಿದೆ 🙂

ಬಾವುಟ ಹಿಡಿದವ

ಆಫ್‌ಸೈಡ್ ಮಾತು ಬಂದಿದ್ದರಿಂದ ಬರೀತಿದ್ದೀನಿ. ಆ ಬದಿ ಬಾವುಟ ಹಿಡಿದಿದ್ದು ನಾನೇ. ನೀಲಿ ತಂಡದ ಇನ್ನೊಬ್ಬ ಹುಡುಗನ ಅಪ್ಪ. ಲೈನ್ಸ್‌ಮನ್ ಬಂದಿಲ್ಲ ಅಂತ ಎರಡೂ ಕಡೆಯಿಂದ ಒಬ್ಬೊಬ್ಬರನ್ನ ಕರೆದರು. ಯಾರೂ ಏಳಲಿಲ್ಲ, ನಾನು ಎದ್ದೆ. ಬಾಲ್ ಹೊರಗೆ ಹೋದರೆ ಮಾತ್ರ ಬಾವುಟ ಎತ್ತಿ, ಆಫ್‌ಸೈಡ್ ನಾನು ನೋಡ್ಕೋತೀನಿ ಅಂತ ರೆಫರಿ ಮೊದಲೇ ಹೇಳಿದ್ದರು. ನಾನು ಅಷ್ಟೇ ಮಾಡಿದೆ.

ಪಂದ್ಯ ಮುಗಿದ ಮೇಲೆ ನಮ್ಮ ಕಡೆಯವರೇ ಇಬ್ಬರು ಬಂದು 'ನಿಮ್ಮ ಕೈಗೆ ಏನಾಗಿತ್ತು' ಅಂತ ಕೇಳಿದರು. ಎಡಬದಿ ಸರ್, ನೀವಲ್ಲ. ಆದರೆ ಅವರೂ ಇದನ್ನ ಓದ್ತಾ ಇರ್ತಾರೆ.

ಹಳೇ ಸೀಟಿ

ಬಾವುಟದವರೇ, ನೀವು ಮಾಡಿದ್ದು ಸರಿ. ಪೋಷಕರು ಬಾವುಟ ಹಿಡಿದಾಗ ನಾನೂ ಇದನ್ನೇ ಹೇಳ್ತಿದ್ದೆ.

ಆಫ್‌ಸೈಡ್ ನೋಡೋದು ಪಳಗಿದವರಿಗೇ ಕಷ್ಟ. 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಡಚ್ ಸಂಶೋಧಕರ ಒಂದು ಲೇಖನ ಬಂದಿತ್ತು. ಲೈನ್ಸ್‌ಮನ್ ಕೊನೇ ಡಿಫೆಂಡರ್ ಗೆರೆಗೆ ಸರಿಯಾಗಿ ನಿಂತಿರದಿದ್ದರೆ, ನೋಡುವ ಕೋನದಿಂದಲೇ ಆಟಗಾರರು ಹಿಂದೆ ಮುಂದೆ ಕಾಣಿಸ್ತಾರೆ ಅಂತ ಅವರು ತೋರಿಸಿದರು. ತರಬೇತಿ ಪಡೆದವರ ಕಥೆಯೇ ಹೀಗೆ. ಬೆಂಚಿನಲ್ಲಿ ಓರೆಯಾಗಿ ಕೂತ ನಮಗೆ 'ಎರಡು ಹೆಜ್ಜೆ' ಹೇಗೆ ಕಾಣಿಸ್ತು ಅನ್ನೋದನ್ನೂ ಸ್ವಲ್ಪ ಯೋಚಿಸಿ.

ಇರಲಿ, ಎರಡು ಹೆಜ್ಜೆ ಮುಂದಿದ್ದ ಅಂತಲೇ ಇಟ್ಟುಕೊಳ್ಳೋಣ. ಆಫ್‌ಸೈಡ್ ಜಾಗದಲ್ಲಿ ಇರೋದೇ ತಪ್ಪಲ್ಲ. ಜೊತೆ ಆಟಗಾರ ಕೊಟ್ಟ ಬಾಲ್ ಅಲ್ಲಿ ಸಿಕ್ಕರೆ ತಪ್ಪು. ಎದುರು ತಂಡದ ಡಿಫೆಂಡರ್ ಬೇಕಂತಲೇ ಆಡಿದ ಬಾಲ್ ಸಿಕ್ಕರೆ ತಪ್ಪಲ್ಲ. ಆದರೆ ಡಿಫೆಂಡರ್‌ಗೆ ಸುಮ್ನೆ ಸವರಿ ತಿರುಗಿದ ಬಾಲ್ ಆಗಿದ್ದರೆ ಮತ್ತೆ ತಪ್ಪೇ. ಎಲ್ಲಾ ಜಗಳ ಇರೋದು ಆ 'ಬೇಕಂತಲೇ' ಅನ್ನೋದರಲ್ಲಿ.

2022ರಲ್ಲಿ ನಿಯಮ ಬರೆಯುವ ಐಎಫ್‌ಎಬಿ ಇದನ್ನ ಬಿಡಿಸಿ ಹೇಳಿತು. ಬಾಲ್ ದೂರದಿಂದ ಬಂತಾ, ಡಿಫೆಂಡರ್‌ಗೆ ಅದು ಸ್ಪಷ್ಟವಾಗಿ ಕಾಣಿಸ್ತಿತ್ತಾ, ವೇಗ ಎಷ್ಟಿತ್ತು, ದಿಕ್ಕು ದಿಢೀರ್ ಬದಲಾಯಿತಾ, ಮೈ ಸರಿ ಮಾಡಿಕೊಳ್ಳೋಕೆ ಅವನಿಗೆ ಸಮಯ ಇತ್ತಾ. ನೆಲದ ಮೇಲೆ ಬರೋ ಬಾಲ್ ಆಡೋದು ಸುಲಭ, ಗಾಳಿಯಲ್ಲಿ ಬರೋದು ಕಷ್ಟ ಅನ್ನೋದನ್ನೂ ಲೆಕ್ಕಕ್ಕೆ ತಗೋಬೇಕು. ಅಂದರೆ ಡಿಫೆಂಡರ್‌ಗೆ ಬಾಲ್ ಹತೋಟಿಗೆ ತಗೊಳ್ಳೋ ಅವಕಾಶ ನಿಜಕ್ಕೂ ಇತ್ತಾ ಅಂತ ನೋಡೋದು. ಹಿಂದಕ್ಕೆ ಓಡ್ತಾ ಹಾರಿ ಕೂದಲಿಗೆ ಸವರಿದ್ದು ನನ್ನ ಪ್ರಕಾರ ಬರೀ ತಾಗಿದ್ದು. ಆಫ್‌ಸೈಡ್ ಕೊಡಬೇಕಿತ್ತು. ಈ ಪಂದ್ಯದಲ್ಲಿ ರೆಫರಿ ನಿಜಕ್ಕೂ ಎಡವಿದ್ದು ಇಲ್ಲೇ ಅಂತ ನನ್ನ ಅನಿಸಿಕೆ. ಆದರೆ ದೂರು ಕೊಡೋಕೆ ಬರಲ್ಲ, ಯಾಕಂದರೆ ನಿಯಮ ಅವರಿಗೆ ಗೊತ್ತಿತ್ತು, ತೂಗಿ ನೋಡಿದ್ದು ಬೇರೆ ಥರ.

ಎಡಬದಿ ಬೆಂಚು

ಇದು ವಿಚಿತ್ರ ಅಲ್ವಾ ಸರ್? ನಿಜವಾಗಿ ತಪ್ಪಾದ ಗೋಲ್‌ಗೆ ದೂರಿಲ್ಲ. ಬಾಯಲ್ಲಿ ತಪ್ಪು ಹೇಳಿದ್ದಕ್ಕೆ ದೂರಿದೆ.

ಹಳೇ ಸೀಟಿ

ವಿಚಿತ್ರವೇ. ಆದರೆ ಕಣ್ಣಿನ ತಪ್ಪಿಗೆಲ್ಲ ದೂರು ತಗೊಂಡರೆ ಯಾವ ಟೂರ್ನಿಯೂ ಮುಗಿಯಲ್ಲ. 1986ರ ವಿಶ್ವಕಪ್‌ನಲ್ಲಿ ಮರಡೋನಾ ಕೈಯಲ್ಲಿ ಹೊಡೆದದ್ದನ್ನ ಇಡೀ ಜಗತ್ತು ನೋಡಿತು, ಸ್ಕೋರ್ ಬದಲಾಗಲಿಲ್ಲ. 2010ರ ವಿಶ್ವಕಪ್‌ನಲ್ಲಿ ಜರ್ಮನಿ ಮೇಲೆ ಇಂಗ್ಲೆಂಡ್‌ನ ಲ್ಯಾಂಪಾರ್ಡ್ ಹೊಡೆದ ಬಾಲ್ ಗೆರೆ ದಾಟಿ ಒಳಗೆ ಬಿದ್ದು ಹೊರಗೆ ಬಂತು, ಗೋಲ್ ಕೊಡಲಿಲ್ಲ. ಬದಲಾಗಿದ್ದು ಮುಂದಿನ ಪಂದ್ಯಗಳು. ಎರಡು ವರ್ಷದಲ್ಲಿ ಗೋಲ್ ಗೆರೆ ತಂತ್ರಜ್ಞಾನಕ್ಕೆ ಒಪ್ಪಿಗೆ ಸಿಕ್ಕಿತು, 2018ರಲ್ಲಿ ವಿಎಆರ್, ಅಂದರೆ ವೀಡಿಯೋ ನೋಡಿ ನೆರವಾಗೋ ರೆಫರಿ, ನಿಯಮ ಪುಸ್ತಕಕ್ಕೆ ಬಂತು. ಮಕ್ಕಳ ಪಂದ್ಯಕ್ಕೆ ಇವೆರಡೂ ಇಲ್ಲ. ಪಕ್ಕದಲ್ಲಿ ಯಾರೋ ಮೊಬೈಲ್‌ನಲ್ಲಿ ತೆಗೆದ ವೀಡಿಯೋ ನೋಡಿ ರೆಫರಿ ತೀರ್ಮಾನ ಬದಲಿಸೋ ಹಾಗೂ ಇಲ್ಲ.

ಸುಮ್ನೆ ನೋಡ್ತೀನಿ

ಒಂದು ಡೌಟು. ಈಗ ಪೆನಾಲ್ಟಿಯಲ್ಲಿ ಎರಡು ಸಲ ಕಾಲು ತಾಗಿದರೆ ಮತ್ತೆ ಹೊಡೆಸ್ತಾರೆ ಅಂತ ಎಲ್ಲೋ ಓದಿದೆ. ಹಾಗಾದ್ರೆ ಇಲ್ಲೂ ಮತ್ತೆ ಹೊಡೆಸಬೇಕಿತ್ತಾ?

ಹಳೇ ಸೀಟಿ

ಇಲ್ಲ, ಅದು ಬೇರೆ. 2025ರ ಮಾರ್ಚ್‌ನಲ್ಲಿ ಚಾಂಪಿಯನ್ಸ್ ಲೀಗ್ ಪಂದ್ಯ ಸಮ ಆದ ಮೇಲೆ ಸರದಿಯಲ್ಲಿ ಹೊಡೆಯೋ ಪೆನಾಲ್ಟಿ ಶೂಟೌಟ್‌ನಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್‌ನ ಹುಲಿಯನ್ ಅಲ್ವಾರೆಜ್ ಜಾರಿದಾಗ ಬಾಲ್ ಅವನ ಇನ್ನೊಂದು ಕಾಲಿಗೂ ತಾಗಿತ್ತು ಅಂತ ಗೋಲ್ ರದ್ದು ಮಾಡಿದರು. ಆಮೇಲೆ ಐಎಫ್‌ಎಬಿ, ಹೀಗೆ ಗೊತ್ತಿಲ್ಲದೆ ಎರಡೂ ಕಾಲು ತಾಗಿ ಬಾಲ್ ಒಳಗೆ ಹೋದರೆ ಮತ್ತೆ ಹೊಡೆಸಿ ಅಂತ ಹೇಳಿತು. ಹೊಡೆಯುವಾಗಲೇ ಆಗೋ ಎಡವಟ್ಟಿಗೆ ಮಾತ್ರ ಅದು. ಕಂಬಕ್ಕೆ ಬಡಿದು ಬಂದದ್ದನ್ನ ಗೊತ್ತಿದ್ದೇ ಮತ್ತೆ ಹೊಡೆಯೋದಕ್ಕೆ ಹಳೇ ನಿಯಮವೇ.

ಇನ್ನೊಂದು ಗೊಂದಲ ಇರುತ್ತೆ, ಅದನ್ನೂ ಹೇಳಿಬಿಡ್ತೀನಿ. ಶೂಟೌಟ್‌ನಲ್ಲಿ ಕೀಪರ್ ತಡೆದು ಬಿಟ್ಟರೂ ರೀಬೌಂಡ್ ಇಲ್ಲ, ಒಂದೇ ಹೊಡೆತ. ಆಟದ ನಡುವಿನ ಪೆನಾಲ್ಟಿಯಲ್ಲಿ ಮಾತ್ರ ರೀಬೌಂಡ್. ಹೊಸ ರೆಫರಿಗಳು ಇವೆರಡನ್ನೂ ಕಲಸಿಕೊಳ್ತಾರೆ.

ಪಕ್ಕದ ಮೈದಾನದ ಕೋಚ್

ನಾನು ಈ ಎರಡೂ ತಂಡದವನಲ್ಲ. ಎಡಬದಿಯವರೇ, ನಿಮ್ಮ ಕೋಚ್ ಅಲ್ಲೇ ಒಂದು ಕೆಲಸ ಮಾಡಬಹುದಿತ್ತು. ಗೋಲ್ ಆದ ಮೇಲೆ ನಡುವಿನ ಕಿಕ್ ಹೊಡೆಯೋ ತನಕ ರೆಫರಿ ತೀರ್ಮಾನ ಬದಲಿಸಬಹುದು. ಆಟ ಮತ್ತೆ ಶುರುವಾದ ಮೇಲೆ ಆಗಲ್ಲ. ಹಾಗಾಗಿ ಕ್ಯಾಪ್ಟನ್‌ಗೆ ಪ್ರಶ್ನೆ ಕೇಳೋದನ್ನ ಕಲಿಸಬೇಕು. ಗೋಲ್ ಅಲ್ಲ ಅಂತ ಕೂಗೋದಲ್ಲ, 'ಸರ್, ಕೀಪರ್ ಕೈಗೆ ತಾಗಿದ್ದನ್ನ ನೀವು ನೋಡಿದ್ರಾ?' ಅಂತ ಕೇಳೋದು. ಅದಕ್ಕೆ ಹೌದು ಅಥವಾ ಇಲ್ಲ ಅಂತಲೇ ಉತ್ತರ ಬರಬೇಕು. ಇಲ್ಲ ಅಂದರೆ ಅವರಿಗೇ ತಲೆಯಲ್ಲಿ ನಿಯಮ ನೆನಪಾಗಬಹುದು.

2024ರಿಂದ ಕ್ಯಾಪ್ಟನ್ ಮಾತ್ರ ರೆಫರಿ ಹತ್ತಿರ ಹೋಗಬೇಕು ಅನ್ನೋ ಕ್ರಮವನ್ನ ಟೂರ್ನಿಗಳು ಇಟ್ಟುಕೊಳ್ಳಬಹುದು ಅಂತ ಐಎಫ್‌ಎಬಿ ಹೇಳಿದೆ. ಕ್ಯಾಪ್ಟನ್ ಕೀಪರ್ ಆಗಿದ್ದರೆ ಇನ್ನೊಬ್ಬನನ್ನ ಮೊದಲೇ ಹೆಸರಿಸಬೇಕು. ನನ್ನ ಹುಡುಗರಿಗೆ ಇದನ್ನ ಅಭ್ಯಾಸದಲ್ಲೇ ಮಾಡಿಸ್ತೀನಿ. ಸುಳ್ಳು ತೀರ್ಮಾನ ಕೊಡ್ತೀನಿ, ಕ್ಯಾಪ್ಟನ್ ಬಂದು ಕೇಳಬೇಕು, ಉಳಿದವರು ಜಾಗಕ್ಕೆ ಹೋಗಿ ನಿಲ್ಲಬೇಕು. ಮೊದಮೊದಲು ಹನ್ನೊಂದು ಜನವೂ ಓಡಿ ಬರ್ತಿದ್ದರು.

ಎಡಬದಿ ಬೆಂಚು

ನಮ್ಮ ಕಡೆಯಿಂದ ಆರೇಳು ಜನ ಓಡಿದ್ದರು. ಅವರ ಗದ್ದಲದಲ್ಲಿ ಕ್ಯಾಪ್ಟನ್ ಏನು ಕೇಳಿದ ಅಂತ ನನಗೂ ಸರಿಯಾಗಿ ಕೇಳಿಸಲಿಲ್ಲ. ಉತ್ತರ ಮಾತ್ರ ಕೇಳಿಸ್ತು.

ಪಕ್ಕದ ಮೈದಾನದ ಕೋಚ್

ಅದು ಬೇರೆ ಪ್ರಶ್ನೆಗೆ ಬಂದ ಉತ್ತರ ಆಗಿರಬಹುದಲ್ವಾ? 'ಕಂಬಕ್ಕೆ ಬಡಿದ ಮೇಲೆ ಆಡಬಹುದಾ ಸರ್' ಅಂತ ಹುಡುಗ ಕೇಳಿದ್ದರೆ, 'ರೀಬೌಂಡ್ ಯಾರು ಬೇಕಾದ್ರೂ' ಅಂತ ಅವಸರದಲ್ಲಿ ಅಂದಿರಬಹುದು. ದೂರಿನಲ್ಲಿ ಬರೆಯೋ ಮೊದಲು ಕ್ಯಾಪ್ಟನ್‌ನ ಕೇಳಿ.

ಗೋಲಿಯ ಅಮ್ಮ

ನಮಸ್ಕಾರ. ಇಲ್ಲಿ ಮಾತಾಡ್ತಿರೋ ನೀಲಿ ತಂಡದ ಗೋಲಿ ನನ್ನ ಮಗ. ಬರೆಯೋದೋ ಬೇಡವೋ ಅಂತ ಸಂಜೆಯಿಂದ ಯೋಚಿಸ್ತಿದ್ದೆ.

ಬಾಲ್ ಅವನ ಕೈಗೆ ತಾಗಿತ್ತಂತೆ.

ಮನೆಗೆ ಬಂದು ಗ್ಲೌಸ್ ಬಿಚ್ಚುವಾಗ ಹೇಳಿದ. ಬಲಗೈ ನಡುಬೆರಳಿನ ತುದಿ. ಬಾಲ್ ಬೆರಳನ್ನ ಹಿಂದಕ್ಕೆ ಬಾಗಿಸಿಕೊಂಡು ಹೋಗಿ ಕಂಬಕ್ಕೆ ಬಡಿಯಿತಂತೆ. ಉಗುರಿನ ಬುಡ ಕಪ್ಪಾಗಿದೆ, ಗೆಣ್ಣು ಊದಿಕೊಂಡಿದೆ, ರಾತ್ರಿ ಊಟ ಎಡಗೈಯಲ್ಲೇ ಚಮಚ ಹಿಡಿದು ಮಾಡಿದ. ಮೈದಾನದಲ್ಲಿ ಯಾಕೆ ಹೇಳಲಿಲ್ಲ ಅಂದೆ. 'ಯಾರೂ ನನ್ನ ಕೇಳಲೇ ಇಲ್ಲ' ಅಂದ.

ನಂಬರ್ ಸಿಕ್ಸ್

ಓಹೋ.

ಸುಮ್ನೆ ನೋಡ್ತೀನಿ

ಮೇಡಂ, ಬೆರಳಿಗೆ ಪೆಟ್ಟಾಗಿದ್ದು ಬೇರೆ ಯಾವ ಸೇವ್‌ನಲ್ಲೋ ಇರಬಹುದಲ್ವಾ? ಪಂದ್ಯದಲ್ಲಿ ಎಷ್ಟೋ ಬಾಲ್ ಹಿಡಿದಿರ್ತಾನೆ.

ಗೋಲಿಯ ಅಮ್ಮ

ಇರಬಹುದು. ನಾನು ಉಗುರು ನೋಡಿ ನಂಬಿದ್ದಲ್ಲ, ಅವನು ಹೇಳಿದ್ದಕ್ಕೆ ನಂಬಿದ್ದು. ತಾನು ಸೋತ ಗೋಲಿನ ಬಗ್ಗೆ ತನ್ನ ತಂಡಕ್ಕೇ ನಷ್ಟ ಆಗೋ ಸುಳ್ಳು ಯಾಕೆ ಹೇಳ್ತಾನೆ?

ಹಳೇ ಸೀಟಿ

ಮೇಡಂ ಹೇಳಿದ್ದು ನನಗೆ ಸರಿ ಕಾಣುತ್ತೆ. ಇನ್ನೊಂದು ಲೆಕ್ಕವೂ ಇದೆ. ಪೆನಾಲ್ಟಿ ಗುರುತು ಗೋಲ್ ಗೆರೆಯಿಂದ 11 ಮೀಟರ್. ಎರಡು ಕಂಬಗಳ ನಡುವೆ 7.32 ಮೀಟರ್. ಹೊಡೆದವನು ನಡುವೆ ನಿಂತಿರ್ತಾನೆ. ಬಾಲ್ ಕಂಬದ ಸರಿ ನಡುಭಾಗಕ್ಕೆ ಬಡಿದರೆ ಅದು ಬಂದ ದಾರಿಯಲ್ಲೇ ವಾಪಸ್ ಹೋಗಬಹುದು, ಒಳಗಿನ ಅಂಚಿಗೆ ಬಡಿದರೆ ಗೋಲಿನತ್ತ ತಿರುಗುತ್ತೆ, ಹೊರ ಅಂಚಿಗೆ ಬಡಿದರೆ ಆಚೆ ಹೋಗುತ್ತೆ. ಹಾಗಾಗಿ ಸೀದಾ ವಾಪಸ್ ಬಂತು ಅನ್ನೋದರಿಂದ ಕೈ ತಾಗಿತ್ತು ಅಂತಲೂ ಹೇಳೋಕಾಗಲ್ಲ, ತಾಗಿಲ್ಲ ಅಂತಲೂ ಹೇಳೋಕಾಗಲ್ಲ. ಅಷ್ಟು ಹತ್ತಿರ ಇದ್ದವನು ಒಬ್ಬನೇ, ಆ ಹುಡುಗ.

ತಾಗಿದ್ದರೆ ಗೋಲ್ ಸರಿ. ರೆಫರಿ ಹೇಳಿದ ಕಾರಣ ಅರ್ಧ ಇರಬಹುದು, ತೀರ್ಮಾನ ಸರಿ.

ಎಡಬದಿ ಬೆಂಚು

ಒಂದು ನಿಮಿಷ. ಹುಡುಗನ ಪ್ರಾಮಾಣಿಕತೆಗೆ ನನ್ನ ನಮಸ್ಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಪ್ರಶ್ನೆ ಹಾಗೇ ಇದೆ. ಕೈಗೆ ತಾಗಿದ್ದನ್ನ ರೆಫರಿ ನೋಡಿಲ್ಲ. ನಾವೂ ನೋಡಿಲ್ಲ. ಅವರು ಗೋಲ್ ಕೊಟ್ಟಿದ್ದು ನಿಯಮ ಗೊತ್ತಿಲ್ಲದೆ. ಮುಂದಿನ ಪಂದ್ಯದಲ್ಲಿ ಬರೀ ಕಂಬಕ್ಕೆ ಬಡಿದ ಬಾಲ್‌ಗೂ ಅವರು ಗೋಲ್ ಕೊಡ್ತಾರೆ. ಆಗ?

ನಂಬರ್ ಸಿಕ್ಸ್

ಆಗ ಅವರು ದೂರು ಕೊಡ್ಲಿ ಬಿಡಿ. ನಿಮ್ಮ ಗೋಲಿ ತಾಗಿತ್ತು ಅಂದ ಮೇಲೂ ತಾಗಿಲ್ಲ ಅಂತ ದೂರಿನಲ್ಲಿ ಬರೆಯೋಕೆ ನಿಮ್ಮ ಕೋಚ್ ಕೈ ಬರುತ್ತಾ?

ಎಡಬದಿ ಬೆಂಚು

ತಾಗಿಲ್ಲ ಅಂತ ಬರೆಯಬೇಕಾಗಿಲ್ಲ. ರೆಫರಿ ಹೀಗೆ ಹೇಳಿದರು ಅಂತ ಬರೆದರೆ ಸಾಕು.

ಗೋಲಿಯ ಅಮ್ಮ

ಸರ್, ಹಾಗೆ ಬರೆದರೆ ಟೂರ್ನಿಯವರು ಮೊದಲು ಕರೆಯೋದು ನನ್ನ ಮಗನನ್ನೇ. ಅವನು ಅಲ್ಲಿ ಹೋಗಿ ತಾಗಿತ್ತು ಅಂತ ಹೇಳ್ತಾನೆ. ಆಮೇಲೆ ತಂಡದಲ್ಲಿ ಅವನನ್ನ ಏನಂತಾರೆ? ಆಗಲೇ ಒಬ್ಬ ಮೆಸೇಜ್ ಮಾಡಿದ್ದಾನೆ, 'ನೀನು ಸುಮ್ನಿರು ಸಾಕು' ಅಂತ. ಹದಿಮೂರು ವರ್ಷ ಅವನಿಗೆ.

ಪಕ್ಕದ ಮೈದಾನದ ಕೋಚ್

ಮೇಡಂ, ಆ ಮೆಸೇಜ್ ನಿಮ್ಮ ಕೋಚ್‌ಗೆ ತೋರಿಸಿ. ದೂರಿಗಿಂತ ಮೊದಲು ಅವರು ಮಾಡಬೇಕಾದ ಕೆಲಸ ಅದು.

ಎಡಬದಿಯವರ ಮಾತಿನಲ್ಲೂ ಅರ್ಥ ಇದೆ. ರೆಫರಿಗೆ ನಿಯಮ ಗೊತ್ತಿಲ್ಲದಿದ್ದರೆ ಯಾರಾದರೂ ಹೇಳಲೇಬೇಕು. ಅದಕ್ಕೆ ಫಲಿತಾಂಶ ಪ್ರಶ್ನಿಸೋ ದೂರು ಬೇಡ. ರೆಫರಿಗಳನ್ನ ನೇಮಿಸುವವರು ಒಬ್ಬರು ಇರ್ತಾರೆ. ಅವರಿಗೆ ನಾಲ್ಕು ಸಾಲು ಬರೆದರೆ ಸಾಕು: ಈ ಪಂದ್ಯದಲ್ಲಿ ಪೆನಾಲ್ಟಿ ರೀಬೌಂಡ್ ನಿಯಮದ ಬಗ್ಗೆ ಗೊಂದಲ ಇದ್ದ ಹಾಗಿತ್ತು, ದಯವಿಟ್ಟು ಮಾತಾಡಿ. ನಾನು ಹೀಗೆ ಬರೆದಿದ್ದೀನಿ. ಮುಂದಿನ ಸಲ ಅದೇ ರೆಫರಿ ಬಂದಾಗ ಮುಖ ಗಂಟಿಕ್ಕಿರಲಿಲ್ಲ.

ಹಳೇ ಸೀಟಿ

ಆ ರೆಫರಿಗೆ ಎಷ್ಟು ವಯಸ್ಸು ಎಡಬದಿಯವರೇ?

ಎಡಬದಿ ಬೆಂಚು

ಹದಿನೇಳೋ ಹದಿನೆಂಟೋ ಇರಬಹುದು. ಮೀಸೆ ಈಗ ಚಿಗುರ್ತಾ ಇದೆ.

ಹಳೇ ಸೀಟಿ

ಅಂದ್ಕೊಂಡೆ. ಮಕ್ಕಳ ಪಂದ್ಯಕ್ಕೆ ಅಂಥವರನ್ನೇ ಕಳಿಸ್ತಾರೆ, ಕಲಿಯಲಿ ಅಂತ. ಲೈನ್ಸ್‌ಮನ್ ಇಬ್ಬರೂ ಬಂದಿಲ್ಲ. ಅಂದರೆ ಆಫ್‌ಸೈಡ್, ಹ್ಯಾಂಡ್‌ಬಾಲ್, ಪೆನಾಲ್ಟಿ, ಟೈಮ್ ಎಲ್ಲಾ ಒಬ್ಬನೇ ನೋಡಿದ್ದಾನೆ. ಪೆನಾಲ್ಟಿ ಹೊತ್ತಲ್ಲಿ ಅವನು ಏನೇನು ನೋಡಬೇಕು ಗೊತ್ತಾ? ಹೊಡೆಯೋ ಹೊತ್ತಿಗೆ ಕೀಪರ್‌ನ ಒಂದು ಪಾದದ ಸ್ವಲ್ಪ ಭಾಗವಾದರೂ ಗೆರೆ ಮೇಲೆ ಅಥವಾ ಗೆರೆಯ ನೇರಕ್ಕೆ ಇದೆಯಾ, ಉಳಿದವರು ಬಾಕ್ಸ್ ಹೊರಗಿದ್ದಾರಾ, ಪೆನಾಲ್ಟಿ ಗುರುತಿನಿಂದ 9.15 ಮೀಟರ್ ಆಚೆ ಇದ್ದಾರಾ, ಬಾಲ್ ಗೆರೆ ಪೂರ್ತಿ ದಾಟಿತಾ. ಇದರ ಜೊತೆ ಬೆರಳ ತುದಿ ಬೇರೆ. ಲೈನ್ಸ್‌ಮನ್ ಇದ್ದಿದ್ದರೆ ಗೋಲ್ ಗೆರೆ ಹತ್ತಿರ ನಿಂತು ಅರ್ಧ ಕೆಲಸ ಅವರೇ ಮಾಡ್ತಿದ್ದರು.

ಕೂಗಾಟ ಎಷ್ಟಿತ್ತು?

ಬಾವುಟ ಹಿಡಿದವ

ನಾನು ಹೇಳ್ತೀನಿ, ನಾನು ಗೆರೆ ಮೇಲೇ ಇದ್ದೆ. ಎರಡೂ ಕಡೆಯಿಂದ ಇತ್ತು. ಹ್ಯಾಂಡ್‌ಬಾಲ್ ಕೊಡದಿದ್ದಾಗ ನಮ್ಮ ಕಡೆಯಿಂದ ಒಬ್ಬರು ಗೆರೆ ದಾಟಿ ಒಳಗೆ ಬಂದರು. 'ದುಡ್ಡು ಎಷ್ಟು ತಗೊಂಡೆ' ಅಂದರು. ಆ ಹುಡುಗ ಸೀಟಿ ಬಾಯಿಗೆ ಇಟ್ಟುಕೊಂಡ, ಊದಲಿಲ್ಲ, ತೆಗೆದ. ಆಮೇಲಿಂದ ಅವನು ನಮ್ಮ ಬದಿಗೆ ಓಡಿ ಬರೋದೇ ಕಮ್ಮಿ ಮಾಡಿದ. ಪೆನಾಲ್ಟಿ ಹೊತ್ತಿಗೂ ಆ ಕಡೆಯೇ ನಿಂತಿದ್ದ.

ನಂಬರ್ ಸಿಕ್ಸ್

ಇದನ್ನ ಯಾರೂ ಮೊದಲು ಹೇಳಲಿಲ್ಲವಲ್ಲ. ನಾಲ್ಕು ತೀರ್ಮಾನ ಅಂತ ಪಟ್ಟಿ ಹಾಕಿದ್ರಿ, ಐದನೆಯದು ಬಿಟ್ಟಿದ್ರಿ.

ಹಳೇ ಸೀಟಿ

ಗೆರೆ ದಾಟಿದ ಕೂಡಲೇ ಆಟ ನಿಲ್ಲಿಸಿ ಆ ಮನುಷ್ಯನನ್ನ ಹೊರಗೆ ಕಳಿಸಬೇಕಿತ್ತು. ಹದಿನೇಳರ ಹುಡುಗನಿಗೆ ಅಪ್ಪನ ವಯಸ್ಸಿನವನನ್ನ ಕಳಿಸೋಕೆ ಧೈರ್ಯ ಎಲ್ಲಿಂದ ಬರುತ್ತೆ?

2012ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಅಲ್ಮೇರೆಯಲ್ಲಿ ಮಕ್ಕಳ ಪಂದ್ಯಕ್ಕೆ ಬಾವುಟ ಹಿಡಿಯೋಕೆ ಹೋದ ಒಬ್ಬ ಅಪ್ಪ, ಎದುರು ತಂಡದವರ ಒದೆ ತಿಂದು ಮಾರನೇ ದಿನ ತೀರಿಹೋದರು. ಅವರ ಮಗ ಅದೇ ಪಂದ್ಯದಲ್ಲಿ ಆಡ್ತಿದ್ದ. ಶಿಕ್ಷೆ ಆದವರಲ್ಲಿ ಹದಿಹರೆಯದ ಹುಡುಗರೂ ಇದ್ದರು, ಒಬ್ಬ ಹುಡುಗನ ಅಪ್ಪನೂ ಇದ್ದ. ಆ ವಾರದ ಕೊನೆಗೆ ಇಡೀ ದೇಶದಲ್ಲಿ ಹವ್ಯಾಸಿ ಪಂದ್ಯಗಳನ್ನ ನಿಲ್ಲಿಸಿದರು. ಇಂಗ್ಲೆಂಡ್‌ನಲ್ಲಿ 2023ರಲ್ಲಿ ಸಣ್ಣ ಪಂದ್ಯಗಳ ರೆಫರಿಗಳ ಎದೆಗೆ ಕ್ಯಾಮೆರಾ ಕಟ್ಟಿ ನೋಡೋಕೆ ಶುರು ಮಾಡಿದರು, ಆಟ ನೋಡೋಕಲ್ಲ, ಬೈಯೋರನ್ನ ಹಿಡಿಯೋಕೆ.

ಎಡಬದಿ ಬೆಂಚು

ಆ ಗೆರೆ ದಾಟಿದವರು ನನಗೂ ಗೊತ್ತು. ಇಲ್ಲಿ ಬರೆಯೋದು ಸರಿಯಲ್ಲ ಅಂತ ಬಿಟ್ಟಿದ್ದೆ. ಅದನ್ನ ಕೋಚ್ ಹತ್ತಿರ ನಾನೇ ಮಾತಾಡ್ತೀನಿ.

ಈಗಷ್ಟೇ ಕ್ಯಾಪ್ಟನ್‌ಗೆ ಫೋನ್ ಮಾಡಿ ಕೇಳಿದೆ. ಅವನು ಕೇಳಿದ್ದು ಇದು: 'ಸರ್, ಬಾಲ್ ವಾಪಸ್ ಬಂದ ಮೇಲೆ ಹೊಡೀಬಹುದಾ?' ಯಾರು ಹೊಡೆದದ್ದು ಅಂತ ಕೇಳಲೇ ಇಲ್ಲ.

ಪಕ್ಕದ ಮೈದಾನದ ಕೋಚ್

ಹಾಗಾದ್ರೆ ಆ ಪ್ರಶ್ನೆಗೆ ಆ ಉತ್ತರ ಮುಕ್ಕಾಲು ಸರಿ.

ಎಡಬದಿ ಬೆಂಚು

ಹೌದು. ದೂರು ಹಾಕಲ್ಲ ಅಂತ ಕೋಚ್ ಹೇಳಿದರು. ಗೋಲಿ ಹೇಳಿದ್ದು ಅವರ ಕಿವಿಗೂ ಬಿದ್ದಿದೆ. ನೇಮಿಸುವವರಿಗೆ ನಾಲ್ಕು ಸಾಲು ಬರೀತಾರಂತೆ, ಲೈನ್ಸ್‌ಮನ್ ಇಲ್ಲದೆ ಸೆಮಿಫೈನಲ್ ಆಡಿಸಿದ್ದೇಕೆ ಅಂತಲೂ ಕೇಳ್ತಾರಂತೆ. ಆಫ್‌ಸೈಡ್ ಗೋಲ್ ಬಗ್ಗೆ ನನ್ನ ಹೊಟ್ಟೆಯುರಿ ಇನ್ನೂ ಇದೆ, ಅದು ಹೋಗಲ್ಲ.

ಹಳೇ ಸೀಟಿ

ಅದು ಇರಬೇಕು. ಅದು ಆಫ್‌ಸೈಡೇ.

ಗೋಲಿಯ ಅಮ್ಮ

ಭಾನುವಾರ ಮೂರನೇ ಸ್ಥಾನದ ಪಂದ್ಯ ಇದೆಯಲ್ಲ, ಮಗ ಬೆರಳಿಗೆ ಟೇಪ್ ಸುತ್ತಿ ಆಡ್ತೀನಿ ಅಂತಿದ್ದಾನೆ. ಡಾಕ್ಟರ್ ನೋಡಿದ ಮೇಲೆ ನೋಡೋಣ ಅಂದಿದ್ದೀನಿ. ಆ ದಿನವೂ ಲೈನ್ಸ್‌ಮನ್ ಬರೋದು ಅನುಮಾನವಂತೆ.

ಎಡಬದಿ ಬೆಂಚು

ಬಾವುಟದ ಸರ್ ಈ ಸಲ ಕೂತು ನೋಡಲಿ. ಒಂದು ಬಾವುಟ ನಾನು ಹಿಡೀತೀನಿ. ಬಾಲ್ ಹೊರಗೆ ಹೋದರೆ ಮಾತ್ರ ಎತ್ತೋದು, ಆಫ್‌ಸೈಡ್ ನನ್ನ ಕೇಳಬೇಡಿ.

ಬಾವುಟ ಹಿಡಿದವ

ಹಿಡೀರಿ ಸರ್. ಬೂಟು ಹಾಕ್ಕೊಂಡು ಬನ್ನಿ, ಆ ಬದಿ ಮೂಲೆಯಲ್ಲಿ ಕೆಸರಿದೆ.